ಎಲ್ಲರೂ ಬೀಳ್ಕೊಟ್ಟ ಮೇಲೆ

ವಾರ್ಟೆನಾ, ಫ್ರೀಸ್‌ಲ್ಯಾಂಡ್
ಭಾನುವಾರ, ಮಾರ್ಚ್ 12

ಪ್ರೀತಿಯ ನಿಂಕೆ,

ಹೇಗಿದ್ದೀಯ ಮಗಳೇ? ಬೆನ್ನುನೋವು ಕಡಿಮೆಯಾಯಿತೇ? ಕೊನೆಗಾಲದ ರೋಗಿಗಳನ್ನು ನೋಡಿಕೊಳ್ಳುವ ನಿಮ್ಮ ಆ ಮನೆಯಲ್ಲಿ ದಪ್ಪ ದಪ್ಪ ಮುದುಕರನ್ನು ಒಬ್ಬಳೇ ಎತ್ತಬೇಡವೆಂದು ಎಷ್ಟು ಹೇಳಿದರೂ ನೀನು ಕೇಳುವವಳಲ್ಲ. ಈ ಹಟ ನಿನಗೆ ನನ್ನಿಂದಲೇ ಬಂದದ್ದೆಂದು ನಿನ್ನಮ್ಮ ಹೇಳುತ್ತಾಳೆ. ನಾನು ಎದುರಾಡುವುದಿಲ್ಲ, ಎದುರಾಡಲು ಉಸಿರೂ ಇಲ್ಲ. ಶ್ವಾಸಕೋಶದ ಗಡ್ಡೆ ತನ್ನ ಪಾಡಿಗೆ ಬೆಳೆಯುತ್ತಿದೆ. ಮೂಗಿಗೆ ಕೊಳವೆ ಸಿಕ್ಕಿಸಿಕೊಂಡು, ನಾಲ್ಕು ಸಾಲಿಗೊಮ್ಮೆ ಸುಧಾರಿಸಿಕೊಂಡು ಇದನ್ನು ಬರೆಯುತ್ತಿದ್ದೇನೆ.

ನಿನ್ನೆ ನನ್ನ ಬೀಳ್ಕೊಡುಗೆ ಮುಗಿಯಿತು. ನಿನ್ನೊಬ್ಬಳನ್ನು ಬಿಟ್ಟು ಎಲ್ಲರೂ ಬಂದಿದ್ದರು. ಕೂರಲು ಜಾಗ ಸಾಲದೆ ಪಕ್ಕದ ಮನೆಯ ಡೌವೆ ತನ್ನ ಕುರ್ಚಿಗಳನ್ನು ಹೊತ್ತು ತಂದ. ಎಲ್ಲರೂ ಹೋದ ಮೇಲೆ ವಾಪಸ್ ಒಯ್ಯುತ್ತಾನೇನೋ ಎಂದು ನೋಡಿದರೆ, "ಇಲ್ಲೇ ಇರ್ಲಿ ಬಿಡು ವೀಬೆ. ಗುರುವಾರ ನಿಂದು ಮುಗಿದ ಮೇಲೆ ಮಣ್ಣಿಗೆ ಬಂದೋರಿಗೆ ಹೇಗೂ ಕಾಫಿ ಕೊಡ್ಬೇಕಲ್ಲ, ಮತ್ತೆ ಯಾರು ಹೊರ್ತಾರೆ" ಅಂದ. ನನಗೂ ಸರಿಯೆನ್ನಿಸಿತು. ಈಗ ಮಲಗಿದಲ್ಲಿಂದ ಕಣ್ಣು ಬಿಟ್ಟರೆ ಗೋಡೆಗೆ ಒರಗಿಸಿಟ್ಟ ಆ ಕುರ್ಚಿಗಳೇ ಕಾಣುತ್ತವೆ. ನನ್ನ ಐಸ್ ಸ್ಕೇಟ್‌ಗಳನ್ನು ನಿನ್ನ ತಮ್ಮ ಯೆಲ್ಲೆಗೆ ಕೊಟ್ಟೆ. ದೋಣಿ ಬಂದಾಗ ಸೇತುವೆ ಎತ್ತುವ ಕೆಲಸದಲ್ಲಿದ್ದಷ್ಟು ಕಾಲ ದೋಣಿಯವರಿಂದ ಸುಂಕ ಎತ್ತಲು ಗಾಳದ ಕೋಲಿಗೆ ಕಟ್ಟಿ ಇಳಿಬಿಡುತ್ತಿದ್ದ ಮರದ ಚಪ್ಪಲಿ ಡೌವೆಯ ಪಾಲಾಯಿತು. ಯೆಲ್ಲೆ ಗುರುವಾರ, ಶುಕ್ರವಾರ ಎರಡೂ ದಿನ ರಜೆ ಹಾಕಿದ್ದಾನೆ. ನನ್ನ ಕುತ್ತಿಗೆಗೆ ಮುಖವಿಟ್ಟು ಅತ್ತ, ನಿನ್ನಷ್ಟು ಧೈರ್ಯ ನನಗೆ ಬರೋಲ್ಲಪ್ಪ ಅಂದ. ಅಷ್ಟು ದೊಡ್ಡ ಗಂಡಸಿನ ಬೆನ್ನು ತಟ್ಟುತ್ತಾ ಕೂತೆ.

ಕ್ರಿಸ್‌ಮಸ್‌ನಲ್ಲಿ ನೀನು ಅಡುಗೆಮನೆಯಲ್ಲಿ ನಿಂತು ಹೇಳಿದ್ದು ಇನ್ನೂ ಕಿವಿಯಲ್ಲಿದೆ. "ನೋವಿಗೆ ಔಷಧ ಇದೆ ಅಪ್ಪ, ಭಯಕ್ಕೆ ನಾನಿದೀನಿ. ಕರೆದ್ರೆ ಅವತ್ತೇ ಬಂದು ನೋಡ್ಕೋತೀನಿ. ಆದ್ರೆ ಸಾಯೋಕೆ ದಿನ ಗೊತ್ತು ಮಾಡಿದ ಮನೇಲಿ ಕಾಫಿ ಕುಡಿಯೋಕೆ ನಾನು ಬರೋಲ್ಲ" ಅಂದೆ. "ಅದು ಅಪ್ಪನ ಹಕ್ಕು, ನೀನ್ಯಾರು ತಡೆಯೋಕೆ" ಎಂದು ಯೆಲ್ಲೆ ನಿನ್ನ ಮೇಲೆ ಹಾರಿಬಿದ್ದ. ನೀವಿಬ್ಬರೂ ಜಗಳವಾಡುತ್ತಿದ್ದಾಗ ನಾನು ಆಗಲೇ ಸತ್ತವನ ಹಾಗೆ ಮೂಲೆಯಲ್ಲಿ ಕೂತಿದ್ದೆ. ನನ್ನಪ್ಪ ಇದೇ ಕಾಯಿಲೆಯಲ್ಲಿ, ದಡಕ್ಕೆ ಎಸೆದ ಮೀನಿನ ಹಾಗೆ ಬಾಯಿ ಬಿಟ್ಟು ಬಿಟ್ಟು ಹೋದದ್ದನ್ನು ನೋಡಿದವನು ನಾನು. ಹಾಗೆ ಹೋಗಲು ನನಗಿಷ್ಟವಿಲ್ಲ. ಕಾನೂನಿನಂತೆ ಒಪ್ಪಿಗೆ ಕೇಳಿದ ಇಬ್ಬರು ಡಾಕ್ಟರುಗಳ ಮುಂದೆಯೂ ಅದನ್ನೇ ಹೇಳಿದೆ, ಇವತ್ತೂ ಅದನ್ನೇ ಹೇಳುತ್ತೇನೆ. ನಿನ್ನಮ್ಮ ಒಪ್ಪಲು ಇಡೀ ಚಳಿಗಾಲ ಬೇಕಾಯಿತು. ರಾತ್ರಿಯಿಡೀ ಅತ್ತು ಅತ್ತು, ಕೊನೆಗೆ ಒಂದು ಬೆಳಿಗ್ಗೆ ಆಗಲಿ ಎಂದಳು. ಅವಳಿಗೆ ಅದೆಷ್ಟು ಕಷ್ಟವಾಯಿತೆಂದು ನನಗೆ ಗೊತ್ತು.

ಗುರುವಾರ ಬೆಳಿಗ್ಗೆ ಆ ಕೊನೆಯ ಸೂಜಿ ಚುಚ್ಚುವ ಮೊದಲು ಡಾಕ್ಟರ್ ವೆಂಡೆಲ್ ಎಲ್ಲರನ್ನೂ ಆಚೆ ಕಳಿಸಿ ಇನ್ನೊಂದು ಸಲ ನನ್ನನ್ನು ಕೇಳುತ್ತಾರಂತೆ. "ಆಗ್ಲೂ ಬೇಡ ಅನ್ಬಹುದು, ಯಾರೂ ಏನೂ ಅಂದ್ಕೊಳಲ್ಲ" ಅಂದರು. ಒಳ್ಳೆಯ ಹೆಂಗಸು, ಆದರೆ ಸೇತುವೆ ಕಾದವರಲ್ಲ. ಗಂಟೆ ಬಾರಿಸಿ, ಗೇಟು ಹಾಕಿ, ಎರಡೂ ಕಡೆ ಗಾಡಿಗಳು ಸಾಲುಗಟ್ಟಿ ನಿಂತ ಮೇಲೆ, ಎತ್ತಲು ನಿನಗೆ ಮನಸ್ಸಿದೆಯೇ ಎಂದು ಸೇತುವೆಯವನನ್ನು ಯಾರೂ ಕೇಳುವುದಿಲ್ಲ. ನನ್ನ ಇಡೀ ಸರ್ವಿಸಿನಲ್ಲಿ ಅರ್ಧಕ್ಕೆ ನಿಲ್ಲಿಸಿದ್ದು ಒಂದೇ ಸಲ, ಅದೂ ನಿನ್ನಿಂದ. ಸೇತುವೆಯ ಹಲಗೆಯ ಮೇಲೆ ಯಾರದೋ ನಾಯಿ ಮಲಗಿತ್ತು. "ಅಪ್ಪಾ, ನಿಲ್ಸು" ಎಂದು ಆಗ ಪುಟ್ಟವಳಾಗಿದ್ದ ನೀನು ಕಿರುಚಿದ ರಭಸಕ್ಕೆ ನನ್ನ ಕೈ ತಾನಾಗಿ ನಿಂತಿತು. ದೋಣಿಯವನು ನನ್ನ ವಂಶವನ್ನೇ ಜಾಲಾಡಿದ. ಮಗಳು ಹೇಳಿದರೆ ಸೇತುವೆಯೂ ನಿಲ್ಲುತ್ತದೆಂದು ಊರವರು ಬಹಳ ದಿನ ನಗಾಡಿದರು.

ಇವತ್ತು ಬೆಳಿಗ್ಗೆ ನಿನ್ನಮ್ಮ ನಿನ್ನೆ ಮಿಕ್ಕಿದ್ದ ಸಕ್ಕರೆ ಬ್ರೆಡ್ಡಿಗೆ ಬೆಣ್ಣೆ ಹಚ್ಚಿ ಕೊಟ್ಟಳು. ಎಷ್ಟೋ ದಿನದ ಮೇಲೆ ನಾಲಿಗೆಗೆ ರುಚಿ ಹತ್ತಿತು. ಕಿಟಕಿ ತೆರೆದಿತ್ತು. ಹಿಂದಿನ ಜೌಗು ಹುಲ್ಲುಗಾವಲಿನಲ್ಲಿ ಟಿಟ್ಟಿಭ ಹಕ್ಕಿ ಬಂದಿದೆ, ಕೂಗಿದ್ದು ಕೇಳಿಸಿತು. ವಸಂತ ಬಂತೆಂದು ಊರೆಲ್ಲ ಹುಡುಕುವ ಅದರ ಈ ವರ್ಷದ ಮೊದಲ ಮೊಟ್ಟೆ ಇನ್ನೂ ಯಾರ ಕಣ್ಣಿಗೂ ಬಿದ್ದಿಲ್ಲವಂತೆ, ಇನ್ನೊಂದು ವಾರವಾದೀತು ಎಂದು ಡೌವೆ ಹೇಳುತ್ತಾನೆ. ಇನ್ನೊಂದು ಚೂರು ಬ್ರೆಡ್ ಕೇಳಿದೆ. ನಿನ್ನಮ್ಮ ನನ್ನನ್ನೇ ಒಂದು ಗಳಿಗೆ ನೋಡಿದಳು. ಆಮೇಲೆ ಮುಖ ತಿರುಗಿಸಿಕೊಂಡು ಪಾತ್ರೆ ತೊಳೆಯಲು ಹೋದಳು.

ಗಂಡನಿಗೂ ಮಕ್ಕಳಿಗೂ ನನ್ನ ಪ್ರೀತಿ ತಿಳಿಸು. ದೇವರ ಪರಿಚಯ ನನಗಿಂತ ನಿನಗೇ ಚೆನ್ನಾಗಿದೆ, ಅವನು ನಿನ್ನನ್ನು ಸುಖವಾಗಿಟ್ಟಿರಲಿ.

ನಿನ್ನ ಅಪ್ಪ,
ವೀಬೆ

ತಾ.ಕ.: ನಿನ್ನಮ್ಮ ಅಂಚೆಚೀಟಿ ತರಲು ಡೌವೆ ಮನೆಗೆ ಹೋಗಿದ್ದಾಳೆ, ಬೇಗ ಬರೆಯುತ್ತೇನೆ. ಫೋನಿನಲ್ಲಿ ಹೇಳೋಣವೆಂದರೆ ಅವಳು ಪಕ್ಕದಿಂದ ಏಳುವುದೇ ಇಲ್ಲ. ನಿಂಕೆ, ಈ ಗುರುವಾರ ನನಗೆ ಬೇಡ. ಇವರೆಲ್ಲ ಅತ್ತು ಬೀಳ್ಕೊಟ್ಟಾಗಿದೆ, ಇವರ ಮುಖ ನೋಡಿಕೊಂಡು ಹೇಳಲು ನನಗೆ ನಾಲಿಗೆ ಏಳುತ್ತಿಲ್ಲ. ನನ್ನನ್ನು ಬೀಳ್ಕೊಡದೆ ಉಳಿದವಳು ನೀನೊಬ್ಬಳೇ, ಅದಕ್ಕೇ ನಿನಗೆ ಹೇಳುತ್ತಿದ್ದೇನೆ. ಗೆದ್ದೆ ಎಂದು ಬೀಗಬೇಡ. ಉಸಿರು ಇನ್ನೂ ಕೆಟ್ಟರೆ ಮುಂದಿನ ತಿಂಗಳು ನಾನೇ ಡಾಕ್ಟರನ್ನು ಕರೆಸಿಯೇನು, ಆಗ ನೀನು ವಾದ ಮಾಡದೆ ನನ್ನ ಕೈ ಹಿಡಿದು ಕೂರಬೇಕು. ಈಗ ಬುಧವಾರ ಸಂಜೆಯ ರೈಲಿಗೆ ಬಾ. ಬಾಗಿಲಲ್ಲಿ ನಿಂತು ಅವತ್ತಿನ ಹಾಗೆಯೇ ಕಿರುಚು. ನೀನು ಹೇಳಿದರೆ ನಾನು ನಿಲ್ಲಿಸುತ್ತೇನೆಂದು ಊರಿಗೆಲ್ಲ ಗೊತ್ತು, ಯಾರೂ ನನ್ನನ್ನು ಏನೂ ಕೇಳುವುದಿಲ್ಲ.