ನಾಲ್ಕರಲ್ಲೇ ಓಡುವ ಫ್ಯಾನ್

ಜನವರಿ 9, ಮಂಗಳವಾರ
ಗಾಜಿನ ಮೇಲಿನ ಮಂಜು ಒರೆಸಿ ಹೆಂಡತಿಯನ್ನು ಕಾರಿನಲ್ಲಿ ಕೂರಿಸಿದೆ. ವಾರವಾರದ ಆಸ್ಪತ್ರೆ. ಹೀಟರ್ ಫ್ಯಾನ್ ಮತ್ತೆ ಹಾಗೇ — ಒಂದು, ಎರಡು, ಮೂರಕ್ಕೆ ಜಪ್ಪಯ್ಯ ಅಂದರೂ ಅಲುಗದು. ನಾಲ್ಕಕ್ಕಿಟ್ಟರೆ ಭೋರ್ಗರೆಯುತ್ತದೆ. ಗಂಟಲಿನ ಆಪರೇಷನ್ ಆದ ಮೇಲೆ ಇವಳಿಗೆ ಉಳಿದಿರುವುದು ಪಿಸುದನಿಯೊಂದೇ. ಫ್ಯಾನ್ ಹಾಕಿದರೆ ಮಾತು ಕೇಳದು, ಆರಿಸಿದರೆ ನಡುಗುತ್ತಾಳೆ. ಸೇತುವೆ ಮೇಲೆ ಏನೋ ಅಂದಳು. "ಆಂ?" ಅಂದೆ. ಬಿಡಿ ಎಂಬಂತೆ ಕೈಯಾಡಿಸಿ ಕಿಟಕಿಯತ್ತ ತಿರುಗಿದಳು.

ಜನವರಿ 11
ಗ್ಯಾರೇಜಿನವನನ್ನು ಕೇಳಿದೆ.
"ಫುಲ್ ಸ್ಪೀಡಲ್ಲಿ ಓಡುತ್ತಲ್ಲ, ಮೋಟರ್ ಗಟ್ಟಿ ಇದೆ. ಸ್ಪೀಡ್ ಕಮ್ಮಿ ಮಾಡೋ ರೆಸಿಸ್ಟರ್ ಸುಟ್ಟಿರತ್ತೆ. ಮುಂದಿನ ವಾರ ಬಿಟ್ಟು ಹೋಗಿ."
"ಅಲ್ಲೀವರೆಗೂ ಕಾಯಕ್ಕಾಗಲ್ಲ. ಪಾರ್ಟ್ ಕೊಡು, ನಾನೇ ಹಾಕ್ತೀನಿ."
ನಕ್ಕ. "ಟೈಲರ್ ಸಾಹೇಬ್ರೇ, ಇದು ಕಾಲರ್ ಹೊಲಿದಂಗಲ್ಲ. ಮೊದಲು ಬ್ಯಾಟರಿ ವೈರ್ ಬಿಚ್ಚಿ."

ಜನವರಿ 14, ಸಂಜೆ
ಆಯಿತು. ಡ್ಯಾಶ್‌ಬೋರ್ಡ್ ಕೆಳಗೆ ತಲೆ ತೂರಿಸಿ, ಹೊಲಿಗೆ ಮಿಷನ್ನಿನ ಸ್ಕ್ರೂಡ್ರೈವರಿನಲ್ಲಿ ಎರಡು ಸ್ಕ್ರೂ ಬಿಚ್ಚುವಷ್ಟರಲ್ಲಿ ಸಾಕುಬೇಕಾಯಿತು. ಬೆರಳ ಗೆಣ್ಣು ತರಚಿತು. ಹಳೆಯ ರೆಸಿಸ್ಟರಿನ ಸುರುಳಿ ತುಂಡಾಗಿತ್ತು. ಹೊಸದು ಕೂರಿಸಿ ಒಂದಕ್ಕೆ ತಿರುಗಿಸಿದೆ... ಉಸಿರಾಡಿದಷ್ಟೇ ಸದ್ದು.
ಬಾಗಿಲಲ್ಲಿ ಇವಳು, ಶಾಲು ಹೊದ್ದು. ಹತ್ತಿರ ಹೋದೆ.
"ಮುಖದ ತುಂಬ ಮಸಿ. ಥೇಟ್ ಕಳ್ಳನ ಹಾಗಿದ್ದೀರಿ."
ನನ್ನನ್ನು ಆಡಿಕೊಂಡು ಎಷ್ಟು ಕಾಲವಾಗಿತ್ತು ಇವಳು.

ಜನವರಿ 16
ಕಾರು ಬೆಚ್ಚಗಿತ್ತು. ಫ್ಯಾನ್ ಒಂದರಲ್ಲಿ. ಸ್ಪಷ್ಟವಾಗಿ ಕೇಳಿಸಿತು.
"ರೀ, ಮನೆಗೆ ತಿರುಗಿಸಿ. ಇನ್ನು ಆ ಔಷಧಿ ಬೇಡ. ಸಾಕಾಗಿದೆ ನಂಗೆ. ಹೋದ ವಾರಾನೂ ಇದನ್ನೇ ಹೇಳ್ದೆ."
ಕೈ ತಾನಾಗಿಯೇ ಹೋಗಿ ಫ್ಯಾನನ್ನು ನಾಲ್ಕಕ್ಕೆ ತಿರುಗಿಸಿತು. ಕೇಳಲೇ ಇಲ್ಲವೆಂಬಂತೆ ರಸ್ತೆ ನೋಡುತ್ತ ಓಡಿಸಿದೆ. ಆಸ್ಪತ್ರೆ ಬಂತು. ಇವಳು ಇಳಿಯಲಿಲ್ಲ. ಕೈ ಚಾಚಿ ತಾನೇ ಫ್ಯಾನ್ ಆರಿಸಿದಳು.
"ಕೇಳಿಸ್ತು ಅಂತ ಗೊತ್ತು ನಂಗೆ."
ಸ್ಟೀರಿಂಗಿಗೆ ಹಣೆ ಹಚ್ಚಿ ಅತ್ತೆ. ಬೆನ್ನು ಸವರುತ್ತ ಕೂತಳು, ಕಾಯಿಲೆ ನನಗೇ ಬಂದಿದೆಯೇನೋ ಎಂಬಂತೆ. ಆಮೇಲೆ ಮನೆ ಕಡೆ ತಿರುಗಿಸಿದೆ.

ಫೆಬ್ರವರಿ 3
ಮಗಳು ಬಂದಿದ್ದಾಳೆ. ಬ್ಯಾಗ್ ಕೆಳಗಿಡುವ ಮುನ್ನವೇ ಕೇಳಿದಳು, "ನೀವಾದ್ರೂ ಒತ್ತಾಯ ಮಾಡಬಾರದಿತ್ತಾ ಅಪ್ಪ? ಹೇಗೆ ಒಪ್ಪಿಕೊಂಡ್ರಿ?"
ಇವಳೇ ಮಗಳನ್ನು ಮಂಚದ ಬಳಿ ಕರೆದು, ಕುತ್ತಿಗೆ ಬಳಸಿ ಹತ್ತಿರಕ್ಕೆಳೆದುಕೊಂಡು, ಬಹಳ ಹೊತ್ತು ಏನೇನೋ ಹೇಳಿದಳು. ಬಾಗಿಲಲ್ಲಿದ್ದ ನನಗೆ ಕೇಳಲಿಲ್ಲ. ಮಗಳು ಹೊರಗೆ ಬಂದು ನನ್ನ ಭುಜಕ್ಕೊರಗಿದಳು. ಮತ್ತೆ ಆ ಮಾತೆತ್ತಲಿಲ್ಲ.

ಫೆಬ್ರವರಿ 10, ಬೆಳಿಗ್ಗೆ
ನಿನ್ನೆಯಿಂದ ನೀರೂ ಇಳಿಯುತ್ತಿಲ್ಲ. ಮಾತಂತೂ ಇಲ್ಲ. ಕೈ ಹಿಡಿದರೆ ಮೆಲ್ಲಗೆ ಒತ್ತುತ್ತಾಳೆ, ಅಷ್ಟೇ. ಎರಡು ತುತ್ತು ತಿಂದು ಬನ್ನಿ ಎಂದು ಮಗಳು ಬಲವಂತವಾಗಿ ಎಬ್ಬಿಸಿ ಕಳಿಸಿದಳು. ಅಡುಗೆಮನೆಯಲ್ಲಿ ಕೂತಿದ್ದೇನೆ. ತಟ್ಟೆ ಸರಿಸಿ ಇದನ್ನು ಬರೆಯುತ್ತಿದ್ದೇನೆ. ಇವಳಿಗೆ ಒಂದು ಮಾತು ಹೇಳಬೇಕಿತ್ತು — ಅವತ್ತು ಕಾರಿನಲ್ಲಿ ನಾನು ಫ್ಯಾನ್ ನಾಲ್ಕಕ್ಕೆ ತಿರುಗಿಸಿದ್ದಕ್ಕೆ... ಈಗಲೇ ಹೋಗಿ ಹೇಳಿಬಿಡುತ್ತೇನೆ. ಕೇಳಿಸಬಹುದು. ಮಗಳು ಯಾಕೋ ಕರೆಯುತ್ತಿ—