ಚೀಲದಲ್ಲಿ ಮೂರೇ ಕೋಲು

ಕೆ.ಆರ್.ಎಸ್.
ಶುಕ್ರವಾರ

ಹಫೀಜಣ್ಣನವರಿಗೆ ನಮಸ್ಕಾರ.

ಭಾನುವಾರ ನೀವು ನಮ್ಮ ಯಜಮಾನರನ್ನು ಗಾಲ್ಫ್ ಆಡಲು ಮೈಸೂರಿಗೆ ಕರೆದೊಯ್ಯುವಾಗ ಅವರ ಚೀಲದಲ್ಲಿ ಮೂರೇ ಕೋಲು ಇರುತ್ತವೆ. ದೂರ ಹೊಡೆಯಲು ಒಂದು, ಹತ್ತಿರಕ್ಕೆ ಒಂದು, ಚೆಂಡನ್ನು ಗುಳಿಯೊಳಕ್ಕೆ ತಳ್ಳಲು ಒಂದು.

ಮರೆವಿನ ಕಾಯಿಲೆ ಹೆಚ್ಚಾಗಿದೆ. ಮೊನ್ನೆ ಹದಿನಾಲ್ಕು ಕೋಲನ್ನೂ ಅಂಗಳದಲ್ಲಿ ಹರಡಿಕೊಂಡು, "ಯಾವ್ದುನ್ನ ಯಾವಾಗ ಇಡ್ಕೋಬೇಕು ಅಂತ್ಲೇ ಗೊತ್ತಾಯ್ತಿಲ್ವಲ್ಲ ನಂಜೀ" ಎಂದು ಕಣ್ಣೀರು ಹಾಕಿದರು. "ಮೂರು ಸಾಕು ಬುಡಿ, ನೀವೇನು ಪಂದ್ಯಕ್ಕೆ ಓಯ್ತೀರಾ" ಎಂದು ಉಳಿದವನ್ನು ಅಟ್ಟಕ್ಕೆ ಹಾಕಿದೆ.

ಮಿಕ್ಕವೆಲ್ಲಿ ಎಂದು ಅಲ್ಲಿ ಹುಡುಕಿದರೆ, ಈಗ ಮೂರೇ ತರಬೇಕೆಂದು ನಿಯಮ ಬಂದಿದೆ ಅಂದುಬಿಡಿ. ನಿಮ್ಮ ಮಾತನ್ನು ನಂಬುತ್ತಾರೆ. ನನ್ನನ್ನು ಕಂಡರೆ ನಿನ್ನೆಯಿಂದ, "ನೀವು ಯಾವೂರೋರಮ್ಮಾ?" ಎನ್ನುತ್ತಿದ್ದಾರೆ.

ಇಂತಿ ನಿಮ್ಮ ತಂಗಿ,
ಶಿವನಂಜಮ್ಮ