ಅಣ್ಣ ಕಂಡ ಮಚ್ಚೆ

ಮಾರ್ಚ್ ೧೪, ಗುರುವಾರ

ಇವತ್ತು ಅಣ್ಣನ ಬಗ್ಗೆ ಬರೆಯದೆ ಮಲಗಲಾರೆ.

ಆರ್ಸೆನಿಕ್ ವಿಷವಿದ್ದ ನಮ್ಮೂರ ಕೊಳವೆಬಾವಿ ಮುಚ್ಚಿ ಹನ್ನೆರಡು ವರ್ಷವಾಯಿತು. ಆ ನೀರು ಕುಡಿದವರ ಅಂಗೈ, ಅಂಗಾಲು, ಬೆನ್ನುಗಳನ್ನು ನಾನು ಈಗಲೂ ವರ್ಷಕ್ಕೊಮ್ಮೆ ಪರೀಕ್ಷಿಸುತ್ತೇನೆ; ಆ ವಿಷ ಎಷ್ಟೋ ವರ್ಷಗಳ ಮೇಲೂ ಚರ್ಮದಲ್ಲಿ ಏಳಬಹುದು. "ನೀರೇ ಬದಲಾಯ್ತಲ್ಲ ಸಿಸ್ಟರ್, ಇನ್ನೇನು ನೋಡ್ತೀರಿ?" ಎನ್ನುತ್ತ ಗಾರೆ ಮೇಸ್ತ್ರಿ ಮೂರು ವರ್ಷದಿಂದ ತಪ್ಪಿಸಿಕೊಂಡಿದ್ದ. ಆದರೆ ಕ್ಷೌರಕ್ಕೆ ಅಣ್ಣನ ಅಂಗಡಿಗೆ ಹೋಗಲೇಬೇಕಲ್ಲ. ಅಣ್ಣ ನನ್ನಿಂದ ಇಂಥ ವಿಷದ ಮಚ್ಚೆಗಳ ಚಿತ್ರಪಟ ಕೇಳಿ ಪಡೆದು ಕನ್ನಡಿಯ ಪಕ್ಕ ಅಂಟಿಸಿಕೊಂಡಿದ್ದಾನೆ. ಗಿರಾಕಿಗಳು ಓಡಿಹೋಗುತ್ತಾರೆಂದು ಆಗ ನಾನೇ ನಕ್ಕಿದ್ದೆ. ಹೋದ ವಾರ ಮೇಸ್ತ್ರಿಯ ಕೂದಲಡಿ ಒರಟು ಕೆಂಪು ಮಚ್ಚೆ ಕಂಡದ್ದೇ ತಡ, ಅಣ್ಣ ಅವನನ್ನು ಅರ್ಧ ಕ್ಷೌರದಲ್ಲೇ ಆಸ್ಪತ್ರೆಗೆ ಎಳೆದು ತಂದ.

ಇವತ್ತು ವರದಿ ಬಂತು. ಕ್ಯಾನ್ಸರ್. ಚರ್ಮದ ಮೇಲ್ಪದರದಲ್ಲೇ ಇದೆ, ತೆಗೆದರೆ ಗುಣವಾಗುತ್ತದೆ.

"ಯಾರಮ್ಮ ಪತ್ತೆ ಮಾಡಿದ್ದು?" ಎಂದರು ಡಾಕ್ಟರು.

"ನಮ್ಮಣ್ಣ ಸಾರ್. ನಾಲ್ಕನೇ ಕ್ಲಾಸು ಓದಿದಾನೆ."

"ಹಾಗಾದ್ರೆ ಉಳಿದ ಕ್ಷೌರಿಕರಿಗೂ ಅವರೇ ಬಂದು ಹೇಳಿಕೊಡ್ಲಿ."

ಫೋನಿನಲ್ಲಿ ಅಣ್ಣನಿಗೆ ಹೇಳಿದೆ. "ಭಾಷಣ ಗೀಷಣ ನನ್ ಕೈಲಾಗಲ್ಲ ಕಣೆ. ಯಾರದಾದ್ರೂ ತಲೆ ಕೊಡ್ಲಿ, ತೋರಿಸ್ತೀನಿ" ಎಂದ. ಫೋನಿಡುವಷ್ಟರಲ್ಲಿ ಅತ್ತಿಗೆಯನ್ನು ಕೇಳುತ್ತಿದ್ದ: "ಆ ಬಿಳೀ ಶರ್ಟು ಎಲ್ಲಿಟ್ಟಿದೀಯ?"